ಅರ್ಧಕ್ಕೆ ನಿಂತ ಬಾವುಟ

ಓಡ್ವಾರನ ಮಾವ ಅಳಿಯನ ಜೊತೆ ಮಾತು ಬಿಟ್ಟು ಐದು ತಿಂಗಳಾಗಿತ್ತು. ಮಾತು ಬಿಟ್ಟರು ಎಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರು ಎಂದಲ್ಲ. ಆಸ್ಮುಂಡ್ ಮಾವ ಎಲ್ಲರ ಜೊತೆಯೇ ಊಟಕ್ಕೆ ಕೂರುತ್ತಿದ್ದರು, ಉಪ್ಪು ಬೇಕಾದರೆ ಕೇಳುತ್ತಿದ್ದರು. ಅಳಿಯನಿಗೆ ಹೇಳಬೇಕಾದ್ದನ್ನು ಮಾತ್ರ ಮಗಳಿಗೆ ಹೇಳುತ್ತಿದ್ದರು. ಮಗಳು ಇಲ್ಲದಿದ್ದರೆ ಮೊಮ್ಮಗಳಿಗೆ. ಇಬ್ಬರೂ ಇಲ್ಲದಿದ್ದರೆ ಒಲೆಗೆ. "ಯಾರಾದ್ರೂ ನಾಲ್ಕು ಸೌದೆ ತಂದು ಹಾಕಿದ್ರೆ ನೀನು ಉರೀತೀಯ" ಎಂದು ಅವರು ಒಲೆಗೆ ಹೇಳಿದರೆ ಓಡ್ವಾರ್ ಎದ್ದು ಸೌದೆ ತರುತ್ತಿದ್ದ. ಉಪಕಾರಸ್ಮರಣೆಯೂ ಒಲೆಗೇ ಸಲ್ಲುತ್ತಿತ್ತು.

ಇದಕ್ಕೆ ಕಾರಣ ಒಂದು ಬಾವುಟ. ಆಸ್ಮುಂಡ್ ಮಾವ ನಿವೃತ್ತ ಸ್ಟೇಷನ್ ಮಾಸ್ಟರು. ತಪ್ಪು ಬಾವುಟ ತೋರಿಸಿದರೆ ಎರಡು ರೈಲು ಒಂದೇ ಹಳಿಯ ಮೇಲೆ ಬರುತ್ತವೆ ಎಂಬುದನ್ನು ನಂಬಿ ಬದುಕಿದವರು. ಅವರ ಹೆಂಡತಿ ಬೋರ್ಗಿಲ್ಡ್ ನವೆಂಬರಿನಲ್ಲಿ ತೀರಿಕೊಂಡರು. ಓಸ್ಲೋದಲ್ಲಿ ಅವರೆಲ್ಲ ಇದ್ದದ್ದು ಒಂದೇ ವಠಾರದ ಬೇರೆ ಬೇರೆ ಮಹಡಿಗಳಲ್ಲಿ, ಊಟ ಮಾತ್ರ ಒಟ್ಟಿಗೆ. ಮಣ್ಣು ಮಾಡುವ ದಿನ ವಠಾರದ ಅಂಗಳದ ಬಾವುಟವನ್ನು ಅರ್ಧಕ್ಕೆ ಏರಿಸುವ ಕೆಲಸವನ್ನು ಓಡ್ವಾರನಿಗೆ ವಹಿಸಿದ್ದರು. ಅದೊಂದೇ ಕೆಲಸ. ಅವನು ಹೊಸ ಕಪ್ಪು ಸೂಟು ಹಾಕಿಕೊಂಡು, ಬಿಗಿಯಾದ ಕಾಲರಿನಲ್ಲಿ ಕುತ್ತಿಗೆ ಆಡಿಸುತ್ತಾ, ಚರ್ಚಿಗೆ ಹೊತ್ತಾಯಿತು ಎಂಬ ಗಡಿಬಿಡಿಯಲ್ಲಿ ಹಗ್ಗವನ್ನು ತುದಿಯವರೆಗೂ ಎಳೆದು ಕಟ್ಟಿಬಿಟ್ಟ. ಮದುವೆಗೆ, ನಾಮಕರಣಕ್ಕೆ ಏರಿಸುವ ಹಾಗೆ. ಮಣ್ಣು ಮಾಡಿ ಹಿಂದಿರುಗಿದಾಗ ಕೆಳಮನೆಯ ಹೆಂಗಸು ಹೂಗುಚ್ಛ ಹಿಡಿದು ಓಡಿಬಂದು ಮಾವನ ಕೈಕುಲುಕಿ, ಶುಭಾಶಯ, ಏನು ವಿಶೇಷ, ಮರಿಮಗು ಹುಟ್ಟಿತೇ ಎಂದು ಕೇಳಿದಳು.

ಮಾವ ಟೋಪಿ ಕೈಯಲ್ಲಿ ಹಿಡಿದು ಬಾವುಟವನ್ನು ನೋಡಿದರು. ಆಮೇಲೆ ಓಡ್ವಾರನನ್ನು ನೋಡಿದರು. ಅದೇ ಕೊನೆ. ಬೋರ್ಗಿಲ್ಡ್ ಹೆಸರನ್ನೂ ಅವರು ಮತ್ತೆ ಎತ್ತಲಿಲ್ಲ.

ಈಸ್ಟರಿಗೆ ಬೆಟ್ಟದ ಮೇಲೆ ಮರದ ಮನೆಯೊಂದನ್ನು ಬಾಡಿಗೆಗೆ ಹಿಡಿದದ್ದು ಟೂರಿಡಳ ಉಪಾಯ. ಓಡ್ವಾರನ ಹೆಂಡತಿಯಾದ ಆಕೆ ಐದು ತಿಂಗಳಿಂದ ಅಪ್ಪನಿಗೂ ಗಂಡನಿಗೂ ನಡುವೆ ಅಂಚೆಯವಳಾಗಿ ಸೋತಿದ್ದಳು. ಒಂದೇ ಒಲೆ, ಕೂರಲು ಒಂದೇ ಕೋಣೆ, ಹೊರಗೆ ಆಳೆತ್ತರದ ಹಿಮ, ಶೌಚಕ್ಕೂ ಅಂಗಳ ದಾಟಿ ಹೋಗಬೇಕು. ಅಂಥ ಕಡೆ ಯಾರು ಎಷ್ಟು ದಿನ ಮಾತಾಡದೆ ಇರಬಲ್ಲರು ಎಂದು ಅವಳ ಲೆಕ್ಕ. ಅವಳಿಗೆ ತನ್ನ ಅಪ್ಪ ಸರಿಯಾಗಿ ಗೊತ್ತಿರಲಿಲ್ಲ.

ಹವಾಮಾನವೂ ಮಾವನ ಪಕ್ಷ ವಹಿಸಿತು. ಈಸ್ಟರ್ ಎಂದರೆ ನಮ್ಮವರು ಕಿತ್ತಳೆ ಹಣ್ಣು ಹಿಡಿದು ಗೋಡೆಗೆ ಒರಗಿ ಬಿಸಿಲು ಕಾಯಿಸುವ ಹಬ್ಬ. ಆ ವರ್ಷ ಬಿಸಿಲು ಬರಲೇ ಇಲ್ಲ. ಬೂದು ಮೋಡ ಗುಡ್ಡದ ನೆತ್ತಿಗೆ ಅಂಟಿಕೊಂಡು ಕೂತಿತ್ತು, ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಒದ್ದೆ ಸುರಿಯುತ್ತಿತ್ತು. ಆದರೂ ಬಂದ ತಪ್ಪಿಗೆ ನಾಲ್ವರೂ ಗೋಡೆಗೆ ಒರಗಿ, ಮುಖಕ್ಕೆ ಬಿಸಿಲಿನ ಮುಲಾಮು ಬಳಿದುಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ಓಡ್ವಾರ್ ಕಿತ್ತಳೆ ಸುಲಿದು ಮಾವನತ್ತ ಚಾಚಿದ. ಮಾವ ಕಣ್ಣು ತೆರೆಯದೆ, ಕಿತ್ತಳೆ ಬೇಡವೆಂದು ಹೇಳಲು ಮೊಮ್ಮಗಳಿಗೆ ಹೇಳಿದರು.

"ಅಪ್ಪಾ, ಕಿತ್ತಳೆ ಬೇಡ್ವಂತೆ" ಎಂದಳು ಸಿಲ್ಯೆ. ಕಾಲೇಜು ಸೇರಿದ್ದ ಹುಡುಗಿ. "ಇದಕ್ಕೆ ನಂಗೆ ಸಂಬಳ ಕೊಡ್ಬೇಕು ನೀವಿಬ್ರೂ."

ಈಸ್ಟರ್ ಭಾನುವಾರವೇ ಮಾವನಿಗೆ ಎಂಬತ್ತು ತುಂಬುವ ದಿನ. ಆ ದಿನ ಹೇಗೂ ಊರಿನ ಬಾವುಟಗಳೆಲ್ಲ ಏರುತ್ತವೆ. ಓಡ್ವಾರನಿಗೆ ಹಿಂದಿನ ರಾತ್ರಿ ಹಾಸಿಗೆಯಲ್ಲಿ ಜ್ಞಾನೋದಯವಾಯಿತು. ಬಾವುಟದಿಂದ ಕೆಟ್ಟದ್ದನ್ನು ಬಾವುಟದಿಂದಲೇ ಸರಿಮಾಡಬೇಕು. ಮಾವ ಎದ್ದು ಕಿಟಕಿಯ ಹೊರಗೆ ನೋಡಿದರೆ ಕಂಬದ ತುದಿಯಲ್ಲಿ, ಸುಕ್ಕಿಲ್ಲದೆ, ಚಂದವಾಗಿ, ಅವರಿಗಾಗಿಯೇ ಏರಿಸಿದ ಬಾವುಟ ಹಾರುತ್ತಿರಬೇಕು. ಆಗ ಅವರು ತಾವಾಗಿ, ಒಲೆಯ ಸಹಾಯವಿಲ್ಲದೆ, ಒಂದು ಮಾತು ಆಡಿಯಾರು. ಒಂದೇ ಮಾತು ಸಾಕಾಗಿತ್ತು ಅವನಿಗೆ.

ಮನೆಯ ಯಜಮಾನ ಹಾಲ್‌ಗ್ರಿಮ್ ಕಣಿವೆಯಲ್ಲಿ ವಾಸಿಸುವ ಒರಟು ಮುದುಕ. ಬೀಗದಕೈ ಕೊಡುವಾಗ ಒಂದೇ ಸೂಚನೆ ಕೊಟ್ಟಿದ್ದ. ಸೌದೆ ಎಷ್ಟು ಬೇಕಾದರೂ ಸುಡಿ, ಬಾವುಟದ ಕಂಬ ಮುಟ್ಟಬೇಡಿ. ಓಡ್ವಾರ್ ಆಗ ತಲೆಯಾಡಿಸಿದ್ದ. ಅವನು ಎಲ್ಲದಕ್ಕೂ ತಲೆಯಾಡಿಸುವವನು.

ಎಲ್ಲರೂ ಮಲಗಿರುವಾಗಲೇ ಪೆಟ್ಟಿಗೆಯಿಂದ ಬಾವುಟ ತೆಗೆದು ಹೊರಗೆ ಹೋದ. ಒದ್ದೆ ಹೋಗಿ ರಾತ್ರಿಯೆಲ್ಲ ಹೆಪ್ಪುಗಟ್ಟಿಸುವ ಚಳಿ ಬಿದ್ದಿತ್ತು. ಹಗ್ಗ ಕಬ್ಬಿಣದ ಸರಳಿನಂತೆ ಬಿರುಸಾಗಿತ್ತು. ಬಾವುಟ ಸಿಕ್ಕಿಸಿ ಎಳೆದ. ಮೊದಮೊದಲು ಕಟಕಟ ಎನ್ನುತ್ತಾ ಚೆನ್ನಾಗಿಯೇ ಏರಿತು. ಕಂಬದ ನಡುವಿಗೆ ಹೋದದ್ದೇ, ಹಗ್ಗದ ಮೇಲಿನ ಮಂಜಿನ ಗಂಟೊಂದು ತುದಿಯ ಗಾಲಿಯಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ಮೇಲಕ್ಕೆ ಎಳೆದ. ಬರಲಿಲ್ಲ. ಕೆಳಕ್ಕೆ ಎಳೆದ. ಅದೂ ಇಲ್ಲ. ಕಾಲು ಕೊಟ್ಟು ಜಗ್ಗಿದ, ಬೆನ್ನಿನ ಮೇಲೆ ಹಿಮದಲ್ಲಿ ಬಿದ್ದ. ಕಂಬವನ್ನು ಮಲಗಿಸಲು ಬುಡದಲ್ಲಿ ಕೀಲು ಇರುತ್ತದೆ, ಆದರೆ ಅದು ಆಳೆತ್ತರದ ಹಿಮದಡಿಯಲ್ಲಿತ್ತು. ಫ್ಲಾಸ್ಕಿನ ಬಿಸಿ ಕಾಫಿಯನ್ನು ಹಗ್ಗದ ಮೇಲೆ ಎರಚಿದ. ಕಾಫಿ ಕ್ಷಣಕಾಲ ಹಬೆಯಾಡಿ, ಹಗ್ಗದ ಮೇಲೆಯೇ ಕಂದು ಬಣ್ಣದ ಮಂಜಾಗಿ ಗಟ್ಟಿಯಾಯಿತು. ಈಗ ಹಗ್ಗಕ್ಕೆ ಒಳ್ಳೆಯ ಪರಿಮಳವೊಂದು ಬಂತು, ಬೇರೇನೂ ಲಾಭವಾಗಲಿಲ್ಲ.

ತಲೆಯೆತ್ತಿ ನೋಡಿದ. ಎಂಬತ್ತು ತುಂಬಿದ ಮಾವನ ಹುಟ್ಟುಹಬ್ಬದ ಬಾವುಟ ಕಂಬದ ಸರಿಯಾಗಿ ಅರ್ಧದಲ್ಲಿ, ಸತ್ತವರ ಮನೆಯ ಬಾವುಟದ ಹಾಗೆ ಹಾರುತ್ತಿತ್ತು.

ಒಳಗೆ ಬಂದವನೇ ಅಂಗಳದ ಕಡೆಯ ಕಿಟಕಿಗೆ ಪರದೆ ಎಳೆದ. ಯಾಕೆ ಎಂದು ಟೂರಿಡ್ ಕೇಳಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಎಂದ. ಆ ಮಾತು ಕೇಳಿ ಸಿಲ್ಯೆ ಸೂರ್ಯನನ್ನು ನೋಡಲು ಬಾಗಿಲಿಗೆ ಓಡಿದಳು. ತೆರೆದಳು, ನೋಡಿದಳು, ಮೆತ್ತಗೆ ಮುಚ್ಚಿದಳು. ತಾಯಿಯನ್ನು ಅಡುಗೆ ಮೂಲೆಗೆ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಮಾವ ಇನ್ನೂ ತಮ್ಮ ಮಂಚದ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಟೂರಿಡ್ ಗಂಡನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅಮ್ಮ ಸತ್ತಾಗ ಹಬ್ಬ ಮಾಡ್ದೆ. ಈಗ ಅಪ್ಪ ಬದುಕಿರೋವಾಗ್ಲೇ ಸೂತಕ ಹಾಕ್ತಿದೀಯ. ಅದನ್ನ ಅವರು ನೋಡಿದ್ರೆ ಏನಂದ್ಕೋತಾರೆ, ಹೇಳು. ನನ್ನ ಸಾವಿಗೆ ಕಾಯ್ತಿದಾನೆ ಅಂದ್ಕೋತಾರೆ."

ಓಡ್ವಾರ್ ಬಾಯಿ ತೆರೆದ. ಆಗಲೇ ಬಾಗಿಲು ಬಡಿದ ಸದ್ದಾಯಿತು.

ಪಕ್ಕದ ಮನೆಯ ಸಿಗ್ನೆ ಬಂದಿದ್ದಳು. ಕೈಯಲ್ಲಿ ಕೆನೆ ಹಚ್ಚಿದ ಕೇಕು, ಮುಖದಲ್ಲಿ ಕಣ್ಣೀರು. ನಮ್ಮಲ್ಲಿ ಸಾವಿನ ಮನೆಗೆ ಹೋದವರು ಪ್ರಶ್ನೆ ಕೇಳುವುದಿಲ್ಲ. ಕೈಕುಲುಕುತ್ತಾರೆ, ತಂದದ್ದನ್ನು ಕೊಡುತ್ತಾರೆ, ಚಳಿಯ ಬಗ್ಗೆ ಒಂದು ಮಾತಾಡಿ ಹೊರಡುತ್ತಾರೆ. ಯಾರು ಸತ್ತರು ಎಂದು ಕೇಳುವುದು ಒರಟುತನ. ಕಂಬ ಯಾರದೋ ಸಾವು ಅವರದು ಎಂದು ತಿಳಿದುಕೊಳ್ಳುವುದೇ ರೂಢಿ. ಬಾಡಿಗೆಗೆ ಬಂದವರು ಮನೆಯ ಯಜಮಾನನ ಕಂಬ ಮುಟ್ಟುವ ಪದ್ಧತಿಯೇ ಇಲ್ಲದ ಮೇಲೆ, ಸತ್ತದ್ದು ಯಜಮಾನ ಹಾಲ್‌ಗ್ರಿಮ್, ಒಳಗಿರುವವರು ಅವನ ನೆಂಟರು ಎಂಬುದರಲ್ಲಿ ಸಿಗ್ನೆಗೆ ಸಂಶಯವೇ ಇರಲಿಲ್ಲ. ಅವಳು ಓಡ್ವಾರನ ಕೈಹಿಡಿದು, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ, ಒಳ್ಳೆಯ ಜೀವ, ಒರಟಾದರೂ ಒಳ್ಳೆಯದು ಎಂದಳು.

ಓಡ್ವಾರನ ತಲೆಯಲ್ಲಿ ಬೋರ್ಗಿಲ್ಡ್ ಅತ್ತೆ ಬಿಟ್ಟರೆ ಬೇರೆ ಸತ್ತವರೇ ಇರಲಿಲ್ಲ. ಅತ್ತೆ ಒರಟು ಎಂದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವಾದರೂ, ಉಪಕಾರವಾಯಿತು ಎಂದ. ಆಮೇಲೆ, ತನ್ನ ಸ್ವಭಾವಕ್ಕೆ ತಕ್ಕಂತೆ, ಕೇಳದಿದ್ದ ವಿವರವನ್ನೂ ಕೊಟ್ಟ.

"ನವೆಂಬರಲ್ಲೇ ಹೋಗ್ಬಿಟ್ರು. ಮಣ್ಣೂ ಆಯ್ತು."

ಸಿಗ್ನೆಯ ಮುಖ ಬಿಳಿಚಿತು. ಫೆಬ್ರವರಿಯಲ್ಲಿ ಹಾಲ್‌ಗ್ರಿಮ್ ಅವಳ ಮನೆಯ ದಾರಿಯ ಹಿಮ ತೆಗೆದು, ಸರಿಯಾಗಿ ಬೇಲಿ ಹಾಕಿಲ್ಲವೆಂದು ಬೈದು, ಕಾಫಿ ಕುಡಿದು ಹೋಗಿದ್ದ. ಆದರೆ ಪ್ರಶ್ನೆ ಕೇಳುವಂತಿಲ್ಲವಲ್ಲ. ಅವಳು ಚಳಿ ಜಾಸ್ತಿಯಾಯಿತು ಎಂದು ಹೇಳಿ, ಹಿಂದೆ ಹಿಂದೆ ತಿರುಗಿ ನೋಡುತ್ತಾ ಹೊರಟುಹೋದಳು.

ಅವಳು ಮನೆ ಮುಟ್ಟಿದ್ದೇ ತಡ ಅವಳ ಬಾವುಟ ಅರ್ಧಕ್ಕೆ ಇಳಿಯಿತು. ಅದನ್ನು ನೋಡಿ ಅವಳ ಮೇಲಿನ ಮನೆಯದು ಇಳಿಯಿತು. ಓಡ್ವಾರ್ ಪರದೆಯ ಸಂದಿಯಿಂದ ನೋಡುತ್ತಲೇ ಇದ್ದ. ಹಬ್ಬದ ದಿನವೆಂದು ಗುಡ್ಡದ ತುಂಬ ಏರಿದ್ದ ಬಾವುಟಗಳು ಒಂದರ ಹಿಂದೊಂದು, ತಲೆ ತಗ್ಗಿಸಿದಂತೆ, ಕಂಬದ ನಡುವಿಗೆ ಜಾರಿದವು. ದೂರದ ತೊರೆಯ ಆಚೆ ಒಂದು ಮಾತ್ರ ಎತ್ತರದಲ್ಲಿ ಉಳಿದಿತ್ತು. ಅವರಿಗಾದರೂ ಬುದ್ಧಿಯಿದೆ ಎಂದು ಅವನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಯಾರೋ ಬಾಗಿಲಿಂದ ಓಡಿಬಂದು ಅದನ್ನೂ ಇಳಿಸಿದರು.

ಆಮೇಲೆ ಜನ ಬಂದರು. ಕುರಿಮಾಂಸ ಬಂತು, ಕೆಂಪು ಜೆಲ್ಲಿ ಬಂತು, ಕಂದು ಚೀಸಿನ ದೊಡ್ಡ ಗಟ್ಟಿ ಬಂತು. ಪ್ರತಿಯೊಬ್ಬರಿಗೂ ನಿಜ ಹೇಳಲು ಓಡ್ವಾರ್ ಬಾಯಿ ತೆರೆದ, ಪ್ರತಿಯೊಬ್ಬರೂ ಅವನ ತೆರೆದ ಬಾಯನ್ನು ದುಃಖವೆಂದು ತಿಳಿದು ಬೆನ್ನು ತಟ್ಟಿದರು. ಸಿಲ್ಯೆ ತಟ್ಟೆಗಳನ್ನು ಜೋಡಿಸುತ್ತಾ, ಹೀಗೇ ಮುಂದುವರಿದರೆ ಮುಂದಿನ ಈಸ್ಟರಿನವರೆಗೆ ಅಡುಗೆ ಮಾಡಬೇಕಾಗಿಲ್ಲ ಎಂದಳು. ಅಮ್ಮನ ಮುಖ ನೋಡಿ ಸುಮ್ಮನಾದಳು. ಟೂರಿಡ್ ತಂದೆಯ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಳಗಿಂದ ಮಾವ ಬಾಗಿಲು ತಟ್ಟಿ, ಹೊರಗೆ ಏನು ಅಷ್ಟು ಜನರ ಸದ್ದು ಎಂದು ಕೇಳಿದರು. ಹುಟ್ಟುಹಬ್ಬದ ತಯಾರಿ, ಈಗಲೇ ಬರಬೇಡಿ ಎಂದಳು ಅವಳು.

ಕೊನೆಗೆ ಬಂದವರು ತೋರ್‌ಲೈವ್. ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದು ಈಗ ಗುಡ್ಡದ ಮನೆಗಳ ಸಂಘದ ಅಧ್ಯಕ್ಷರು. ಕಪ್ಪು ಕೋಟಿನಲ್ಲಿ ಸ್ಕೀ ಮಾಡಿಕೊಂಡು ಬಂದ ಮನುಷ್ಯನನ್ನು ಓಡ್ವಾರ್ ಅಂದೇ ಮೊದಲು ನೋಡಿದ್ದು. ಮಧ್ಯಾಹ್ನ ಎಲ್ಲರೂ ಈ ಅಂಗಳದಲ್ಲಿ ಸೇರಿ ಮೌನ ಆಚರಿಸುವುದೆಂದು ತಾನು ತೀರ್ಮಾನಿಸಿರುವುದಾಗಿ ಹೇಳಿದರು. ತೀರಿಕೊಂಡವರ ಮನೆಗೆ ಫೋನು ಮಾಡಿ ವಿಧವೆಗೆ ಸಾಂತ್ವನ ಹೇಳಲು ತನ್ನ ಹೆಂಡತಿಗೆ ತಿಳಿಸಿಯೂ ಆಯಿತು ಎಂದರು. ಎರಡು ಮಾತು ತಾನೇ ಆಡುವುದಾಗಿಯೂ, ದಿವಂಗತರ ಒಳ್ಳೆಯ ಗುಣಗಳು ಯಾವುವಾದರೂ ನೆನಪಿದ್ದರೆ ತಿಳಿಸಬೇಕೆಂದೂ ಕೇಳಿದರು. ತನಗೆ ಒಂದೂ ನೆನಪಾಗುತ್ತಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

"ವಿಧವೆಗೆ?" ಎಂದ ಓಡ್ವಾರ್. ಅವನ ತಲೆಯೊಳಗೆ ಬಹಳ ತಡವಾಗಿ ಏನೋ ಹೊರಳಿತು. "ಯಾವ ವಿಧವೆ?"

ತೋರ್‌ಲೈವ್ ಅವನ ಭುಜ ಹಿಡಿದು, ಇಂಥ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಸಹಜ ಎಂದರು.

ಮಧ್ಯಾಹ್ನ ಅಂಗಳದಲ್ಲಿ ಗುಡ್ಡದ ಜನವೆಲ್ಲ ನಿಂತಿತ್ತು. ಟೋಪಿಗಳು ಕೈಯಲ್ಲಿದ್ದವು, ಬರಿತಲೆಗಳ ಮೇಲೆ ಹಿಮದ ಪುಡಿ ಬೀಳುತ್ತಿತ್ತು. ಓಡ್ವಾರ್ ಕಂಬದ ಪಕ್ಕದಲ್ಲಿ, ಸತ್ತವರನ್ನು ಕೊಂದವನೇ ತಾನು ಎಂಬಂತೆ ನಿಂತಿದ್ದ. ತೋರ್‌ಲೈವ್ ಗಂಟಲು ಸರಿಮಾಡಿಕೊಂಡರು. ಆಗ ಕೆಳಗಿನ ದಾರಿಯಿಂದ ಸ್ನೋ ಸ್ಕೂಟರಿನ ಗಡಗಡ ಸದ್ದು ಕೇಳಿತು. ಮೌನದ ಸಮಯದಲ್ಲಿ ಇದು ಯಾವ ಸಂಸ್ಕಾರ ಎಂದು ಎಲ್ಲರೂ ಮುಖ ಗಂಟಿಕ್ಕಿ ತಿರುಗಿದರು.

ಸ್ಕೂಟರಿನಿಂದ ಇಳಿದವನು ಹಾಲ್‌ಗ್ರಿಮ್. ಸಿಗ್ನೆ ಪಕ್ಕದವಳ ತೋಳು ಹಿಡಿದುಕೊಂಡಳು.

"ಫೋನ್ ನಾನೇ ಎತ್ತಿದ್ದು" ಎಂದ ಹಾಲ್‌ಗ್ರಿಮ್, ಅಧ್ಯಕ್ಷರನ್ನು ನೋಡಿ. "ನಾನು ಸತ್ತೆ ಅಂತ ನಿನ್ನ ಹೆಂಡ್ತಿ ಅತ್ಲು. ಬಹಳ ಒಳ್ಳೆಯವ್ನು, ಆದ್ರೆ ತಗೊಂಡ ಏಣಿ ವಾಪಸ್ ಕೊಡ್ಲಿಲ್ಲ ಅಂದ್ಲು. ಆ ಏಣಿ ನಂದೇ. ಅದನ್ನ ಹೇಳಿಹೋಗೋಣ ಅಂತ ಬಂದೆ."

ಯಾರೂ ನಗಲಿಲ್ಲ. ಸಾವಿಗೆಂದು ಬಂದು ಕಣ್ಣೀರನ್ನೂ ಕುರಿಮಾಂಸವನ್ನೂ ಖರ್ಚು ಮಾಡಿದ ಜನಕ್ಕೆ, ಸತ್ತವನು ಎದುರಿಗೆ ಬಂದು ನಿಂತರೆ ಸಂತೋಷಕ್ಕಿಂತ ಮೊದಲು ಬರುವುದು ಸಿಟ್ಟು. ಹಾಲ್‌ಗ್ರಿಮ್ ಕಂಬದ ಕಡೆ ನೋಡಿದ, ಕಾಫಿ ಬಣ್ಣದ ಹಗ್ಗ ನೋಡಿದ, ಮುಟ್ಟಬೇಡಿ ಅಂತ ಹೇಳಿದ್ದೆನಲ್ಲ ಎಂದಷ್ಟೇ ಹೇಳಿದ. ತೋರ್‌ಲೈವ್ ತಮ್ಮ ಹಳೆಯ ಪೊಲೀಸ್ ದನಿಗೆ ಮರಳಿದರು.

"ಹಂಗಾದ್ರೆ ಈ ಬಾವುಟ ಯಾರಿಗೆ? ಗುಡ್ಡಕ್ಕೆ ಗುಡ್ಡವೇ ಇಳಿಸಿದೆ. ಯಾರಿಗೆ, ಹೇಳಿ ಸ್ವಾಮಿ."

ಓಡ್ವಾರ್ ಬಾಯಿ ತೆರೆದ. ನನ್ನ ಮಾವನ ಹುಟ್ಟುಹಬ್ಬಕ್ಕೆ ಎಂದು ಹೇಳಬೇಕು, ಹೇಳಿದರೆ ಒಳಗಿನವರ ಕಿವಿಗೆ ಬೀಳುತ್ತದೆ. ಹೇಳಲು ಸುಳ್ಳೂ ಅವನಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಾಗಿಲು ತೆರೆಯಿತು.

ಆಸ್ಮುಂಡ್ ಮಾವ ಹೊರಗೆ ಬಂದರು. ಎಂಬತ್ತಕ್ಕೆಂದು ಟೂರಿಡ್ ಇಸ್ತ್ರಿ ಮಾಡಿಟ್ಟಿದ್ದ ಒಳ್ಳೆಯ ಕೋಟು ಹಾಕಿದ್ದರು, ತಲೆಯ ಮೇಲೆ ಟೋಪಿ. ಅವಳು ತೋಳು ಹಿಡಿಯಲು ಹೋದಳು, ಅವರು ಬಿಡಿಸಿಕೊಂಡರು. ಮೊದಲು ಅಂಗಳದ ಬಾವುಟ ನೋಡಿದರು. ಆಮೇಲೆ ಸಿಗ್ನೆಯ ಮನೆಯದು, ಅದರ ಮೇಲಿನದು, ತೊರೆಯಾಚೆಯದು. ಒಂದೊಂದನ್ನೂ, ರೈಲು ಬರುವ ಮೊದಲು ಎಲ್ಲ ಕೈಮರಗಳನ್ನೂ ನೋಡುವ ಹಾಗೆ, ನಿಧಾನವಾಗಿ ನೋಡಿದರು. ಟೋಪಿ ತೆಗೆದರು.

"ನನ್ನ ಹೆಂಡ್ತಿಗೆ" ಎಂದರು. "ಬೋರ್ಗಿಲ್ಡ್ ಅಂತ."

ಮಾವ ಮುಂದುವರಿಸಿದರು. ಅವಳು ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿದ್ದಳು, ಚಿಲ್ಲರೆ ಕೊಡುವಾಗ ಬೇಕೆಂದೇ ತಪ್ಪು ಮಾಡಿ ನನ್ನನ್ನು ಮತ್ತೆ ಕರೆಯುತ್ತಿದ್ದಳು ಎಂದರು. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು ಎಂದರು. ಕೊನೆಯ ವಾರ ಆಸ್ಪತ್ರೆಯಲ್ಲಿ, ಈ ಸಲ ಈಸ್ಟರಿಗೆ ಬೆಟ್ಟಕ್ಕೆ ಹೋಗೋಣ ಎಂದಿದ್ದಳು, ನಾನು ನೋಡೋಣ ಎಂದಿದ್ದೆ ಎಂದರು. ಅಷ್ಟು ಹೇಳಿ ನಿಲ್ಲಿಸಿದರು. ಟೂರಿಡ್ ಐದು ತಿಂಗಳಿಂದ ಕಾದಿದ್ದ ಅಳು ಆಗ ಅತ್ತಳು.

ತೋರ್‌ಲೈವ್ ತಾನು ಬರೆದು ತಂದಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಹಾಲ್‌ಗ್ರಿಮ್ ತನ್ನ ತುಪ್ಪಳದ ಟೋಪಿ ತೆಗೆದ. ಅವನಿಗೆಂದು ನಿಂತಿದ್ದ ಮೌನದಲ್ಲಿ ಅವನೂ ನಿಂತ. ಆಮೇಲೆ ಜನ ಒಬ್ಬೊಬ್ಬರೇ ಬಂದು ಮಾವನ ಕೈಕುಲುಕಿದರು, ಚಳಿಯ ಬಗ್ಗೆ ಮಾತಾಡಿದರು, ಹೋದರು. ಸಿಗ್ನೆ ಮಾತ್ರ ಹೋಗುವಾಗ ಹಾಲ್‌ಗ್ರಿಮ್‌ನ ತೋಳನ್ನು ಒಮ್ಮೆ ಒತ್ತಿ ನೋಡಿದಳು.

ಮಧ್ಯಾಹ್ನದ ಊಟಕ್ಕೆ ಸತ್ತವರ ಕೇಕನ್ನೇ ಹುಟ್ಟುಹಬ್ಬಕ್ಕೆ ಕತ್ತರಿಸಿದರು. ಮಾವ ಎರಡು ತುಂಡು ತಿಂದರು. ಅಳಿಯನ ಕಡೆ ನೋಡಲಿಲ್ಲ. ಓಡ್ವಾರ್ ಒಲೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ಕೂತಿದ್ದ.

ಹೊತ್ತು ಮುಳುಗುವ ಮುಂಚೆ ಗಾಳಿ ತೆಂಕಣಕ್ಕೆ ತಿರುಗಿತು, ಸೂರಿನಿಂದ ಹನಿ ತೊಟ್ಟಿಕ್ಕತೊಡಗಿತು. ಬಾವುಟ ಇಳಿಸುವ ಹೊತ್ತು. ಮಾವ ಕುರ್ಚಿಯಿಂದ ಎದ್ದು ಕೋಟು ಹಾಕಿಕೊಂಡರು.

"ಟೂರಿಡ್, ನಿನ್ನ ಗಂಡನಿಗೆ ಹೇಳು" ಎಂದು ಶುರುಮಾಡಿದರು. ಟೂರಿಡ್ ಒಳಗಿನ ಕೋಣೆಯಲ್ಲಿದ್ದಳು. ಸಿಲ್ಯೆ ಶೌಚದ ಗುಡಿಸಲಿಗೆ ಹೋಗಿದ್ದಳು. ಮಾವ ಒಲೆಯ ಕಡೆ ತಿರುಗಿದರು. ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನೂ ಹೇಳದೆ ಬಾಗಿಲು ತೆರೆದು ಹೊರಗೆ ನಡೆದರು. ಓಡ್ವಾರ್ ಹಿಂದೆಯೇ ಹೋದ.

ಅರ್ಧಕ್ಕೆ ನಿಂತ ಬಾವುಟವನ್ನು ಹಾಗೆಯೇ ಇಳಿಸುವಂತಿಲ್ಲ. ಮೊದಲು ತುದಿ ಮುಟ್ಟಿಸಿ ಆಮೇಲೆ ಇಳಿಸಬೇಕು. ಓಡ್ವಾರ್ ಹಗ್ಗ ಹಿಡಿದ. ಅವನ ಕೈಗಳ ಮೇಲೆ ಇನ್ನೆರಡು ಕೈಗಳು ಬಂದವು, ಹಳೆಯವು, ನರ ಎದ್ದವು. ಇಬ್ಬರೂ ಎಳೆದರು. ಮೇಲೆ ಗಾಲಿಯಲ್ಲಿ ಏನೋ ಕಟ್ಟನೆ ಮುರಿದು ಮಂಜಿನ ಚೂರು ಓಡ್ವಾರನ ನೆತ್ತಿಯ ಮೇಲೆ ಬಿತ್ತು, ಬಾವುಟ ಸರಸರನೆ ತುದಿಗೆ ಹೋಯಿತು. ಮಾವ ತಲೆಯೆತ್ತಿ ನೋಡುತ್ತಾ ನಿಂತರು. ಅವನು ಇಳಿಸಲು ಹೊರಟಾಗ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರು. ಸುತ್ತಲ ಕಂಬಗಳೆಲ್ಲ ಬರಿದಾಗಿ, ಕತ್ತಲು ಕವಿಯತೊಡಗಿದ ಮೇಲೆ ಕೈ ಸಡಿಲಿಸಿದರು.

ಬಾವುಟವನ್ನು ಒಬ್ಬರೇ ಮಡಚಲು ಬರುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು, ಮಡಚುತ್ತಾ ಮಡಚುತ್ತಾ ಎದುರುಬದುರು ಬರಬೇಕು. ನೆಲಕ್ಕೆ ತಾಗಿಸಬಾರದು. ಮಾವನಿಗೆ ಇದು ದೇವರ ಆಜ್ಞೆಯಷ್ಟೇ ದೊಡ್ಡದು. ಓಡ್ವಾರ್ ಉಸಿರು ಬಿಗಿಹಿಡಿದು ಒಂದೊಂದು ಹೆಜ್ಜೆ ಇಟ್ಟ. ಕೊನೆಯ ಮಡಿಕೆಗೆ ಇಬ್ಬರ ಬೆರಳು ತಾಗಿದವು, ಮುಖದ ಎದುರು ಮುಖ ಬಂತು. ನೋಡದೆ ಇರಲು ಜಾಗವೇ ಇರಲಿಲ್ಲ.

"ಹಗ್ಗ ಸಿಕ್ಕಿಕೊಂಡಿದ್ದು ಬೆಳಿಗ್ಗೇನೇ ನೋಡ್ದೆ" ಎಂದರು ಮಾವ. "ನನ್ನ ಕೋಣೆಗೂ ಕಿಟಕಿ ಇದೆ. ನೀನು ಕಾಫಿ ಎರಚಿದ್ದೂ ನೋಡ್ದೆ."

ಓಡ್ವಾರ್ ಕಾಫಿ ಬಣ್ಣದ ಹಗ್ಗದತ್ತ ಕಣ್ಣು ಹಾಯಿಸಿದ.

"ಅವತ್ತು ಜಾಸ್ತಿ ಎಳ್ದೆ. ಇವತ್ತು ಎಳೆಯೋಕಾಗ್ಲಿಲ್ಲ. ಬೇಕು ಅಂತ ಒಂದೂ ಮಾಡ್ಲಿಲ್ಲ ನೀನು." ಮುದುಕರು ಮಡಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದರು. "ಹಿಡ್ಕೋ. ಒಳಗೆ ಹೋಗೋಣ, ಚಳಿ."

ಐದು ತಿಂಗಳಿಗೆ ಸಾಲುವಷ್ಟು ಮಾತು ಒಟ್ಟಿಗೇ ಬಂದದ್ದರಿಂದ ಓಡ್ವಾರನ ಕಣ್ಣು ಮಂಜಾಯಿತು. ಬಾವುಟ ಕೈಯಿಂದ ಜಾರಿತು. ಹಿಡಿಯಲು ಬಾಗಿದ, ತನ್ನ ಸ್ಕಾರ್ಫಿನ ತುದಿಯನ್ನು ತಾನೇ ತುಳಿದು ಅದರ ಮೇಲೆಯೇ ಬಿದ್ದ. ಬಾವುಟ ಹಿಮದಲ್ಲಿ ಹಾಸಿಕೊಂಡಿತು, ಅದರ ಮೇಲೆ ಅವನು.

ಆಸ್ಮುಂಡ್ ಮಾವ ತಿರುಗಿ ನಿಂತು ಗುಡ್ಡದ ಕಡೆ ದೃಷ್ಟಿ ನೆಟ್ಟರು.

"ನಾನೇನೂ ನೋಡ್ಲಿಲ್ಲ" ಎಂದರು, ಅಳಿಯನಿಗೆ.